ಕಂಬಳಿಯಪ್ಪನ ಉಗುರು

ರಾಜಾಜಿನಗರ, ಬೆಂಗಳೂರು
14 ಮಾರ್ಚ್ 1976

ಚಿರಂಜೀವಿ ಪಂಚಾಕ್ಷರಿಗೆ ಅಕ್ಕ ಜಗದಾಂಬಾ ಮಾಡುವ ಆಶೀರ್ವಾದಗಳು.

ಈ ಕಥೆಯನ್ನು ಮೊದಲು ಹೇಳಿದವನು ನನ್ನ ತಮ್ಮ ಪಂಚಾಕ್ಷರಿ. ಹೇಳಿದ್ದು ಈ ವರ್ಷದ ಸಂಕ್ರಾಂತಿಯ ದಿನ, ಆಫ್ರಿಕಾದ ರುವಾಂಡಾ ದೇಶದಿಂದ ಬರೆದ ಕಾಗದದಲ್ಲಿ.

ಗಾಬರಿಯಾಗಬೇಡ, ನನಗೆ ತಲೆ ಕೆಟ್ಟಿಲ್ಲ. ದಿನಾ ಸಂಜೆ ನಮ್ಮ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ನಾನು ಹೇಗೆ ಶುರು ಮಾಡುತ್ತೇನೆ ಎಂದು ಬರೆದು ತೋರಿಸಿದೆ. ಬಸವ್ವಜ್ಜಿ ನಮಗೆ ಕಥೆ ಹೇಳುತ್ತಿದ್ದ ಕ್ರಮ ನಿನಗೆ ಮರೆತಿರಲಾರದು. ಕಥೆಗೆ ತಲೆ ಬಾಲ ಎರಡೂ ಇರಬೇಕು ಅನ್ನುತ್ತಿದ್ದಳು. ಮೊದಲು ಹೇಳಿದವರು ಯಾರು, ಯಾವಾಗ ಅನ್ನುವುದು ತಲೆ. ಕೇಳಿದವರು ಮಾರನೆಯ ಬೆಳಗ್ಗೆ ಎದ್ದು ಏನು ಮಾಡಿದರು ಅನ್ನುವುದು ಬಾಲ. ಬಾಲ ಕಟ್ಟದೆ ಎದ್ದು ಹೋದರೆ ಕಥೆ ಮನೆಯೊಳಗೇ ಸುತ್ತುತ್ತಾ ಇರುತ್ತದಂತೆ.

ನೀನು ಗೋಪುರ ಕಟ್ಟುವ ಬೆಟ್ಟದಲ್ಲಿ ಗೊರಿಲ್ಲಾ ಕಂಡೆ ಎಂದು ನಾಲ್ಕು ಸಾಲು ಬರೆದೆಯಲ್ಲ, ಆ ನಾಲ್ಕು ಸಾಲನ್ನು ನಾನು ಒಂದು ತಿಂಗಳಿಂದ ಹೇಳುತ್ತಿದ್ದೇನೆ. ಎದುರುಮನೆ ನೀಲಮ್ಮ, ಮೂಲೆಮನೆ ಇಂದ್ರಮ್ಮ, ಅವರವರ ಮಕ್ಕಳು, ರಿಟೈರಾದ ಸೇತುರಾಮ ಅವರು, ಎಲ್ಲರೂ ಬರುತ್ತಾರೆ. ಮೊಮ್ಮಗಳು ಪ್ರಭಾ ನನ್ನ ತೊಡೆ ಬಿಟ್ಟು ಏಳುವುದಿಲ್ಲ. ನಿನ್ನೆ ಸೇತುರಾಮ ಅವರು, “ಏನಮ್ಮಾ, ನಿಮ್ಮ ತಮ್ಮ ಟೆಲಿಫೋನ್ ಗೋಪುರ ಕಟ್ಟಕ್ಕೆ ಹೋಗಿದಾನೋ, ಕೋತಿ ಎಣಿಸಕ್ಕೆ ಹೋಗಿದಾನೋ?” ಅಂದರು. “ಎರಡೂ ಮಾಡ್ತಾನೆ ಸಾರ್, ನಿಮ್ಮ ಥರ ಕೂತ್ಕೊಂಡು ಪೇಪರ್ ಓದಲ್ಲ” ಅಂದೆ. ಮಕ್ಕಳು ನಕ್ಕು ಉರುಳಾಡಿದವು.

ನನ್ನ ಹತ್ತಿರ ಸರಕು ಮುಗಿದಿದೆ. ಆ ದೊಡ್ಡದರ ಬೆನ್ನು ಬೆಳ್ಳಗಿತ್ತು ಎಂದು ಬರೆದಿದ್ದೆಯಲ್ಲ, ಕಂಬಳಿ ಹೊದ್ದ ಹಾಗೆ, ಅದಕ್ಕೆ ನಾನು ಕಂಬಳಿಯಪ್ಪ ಎಂದು ಹೆಸರಿಟ್ಟಿದ್ದೇನೆ. ಅವನ ವಿಷಯ ಬರೆ. ಬೇಗ ಬರೆ.

ನಿನ್ನ ಅಕ್ಕ
ಜಗದಾಂಬಾ


ರುಹೆಂಗೇರಿ, ರುವಾಂಡಾ
2 ಮೇ 1976

ಅಕ್ಕನಿಗೆ ಪಂಚಾಕ್ಷರಿ ಮಾಡುವ ನಮಸ್ಕಾರಗಳು.

ಕಂಬಳಿಯಪ್ಪ ಎಂಬ ಹೆಸರು ಓದಿ ಒಬ್ಬನೇ ಕೂತು ನಕ್ಕೆ. ಈಗ ನನ್ನ ಬಾಯಲ್ಲೂ ಅದೇ ಬರುತ್ತದೆ. ಕಾಡು ಕಾಯುವ ಬಿಗಿರಿಮಾನ ಎಂಬ ಗೆಳೆಯ ಒಬ್ಬನಿದ್ದಾನೆ. ಅವನಿಗೂ ಹೇಳಿಕೊಟ್ಟೆ. ‘ಕಂಬಾಲಿಯಾಪ’ ಅನ್ನುತ್ತಾನೆ.

ಗೋಪುರದ ಜಾಗಕ್ಕೆ ಹೋಗುವ ದಾರಿ ಬಿದಿರು ಕಾಡಿನ ಮೂಲಕ. ಮಂಜು ಇಳಿದರೆ ಮುಂದಿನವನ ಬೆನ್ನೂ ಕಾಣುವುದಿಲ್ಲ. ಹೋದ ವಾರ ಬಿಗಿರಿಮಾನ ನನ್ನನ್ನು ಅವುಗಳ ಹತ್ತಿರ ಕೂರಿಸಿದ. ನಿಲ್ಲಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಸೊಪ್ಪು ತಿನ್ನುವವರಂತೆ ತಲೆ ತಗ್ಗಿಸಿ ಕೂರಬೇಕು. ಹೊಸ ಅಳಿಯ ಮಾವನ ಮನೆಯಲ್ಲಿ ಕೂತ ಹಾಗೆ ಕೂತಿದ್ದೆ. ಕಂಬಳಿಯಪ್ಪ ಹತ್ತು ಮಾರು ದೂರದಲ್ಲಿ ಹಸಿ ದಂಟು ಸುಲಿದು ತಿನ್ನುತ್ತಿದ್ದ. ನೀನು ನುಗ್ಗೆಕಾಯಿ ಸಿಗಿಯುವ ಹಾಗೆಯೇ. ಮೂರು ಹೆಣ್ಣು, ಎರಡು ಎಳೆಯವು, ಇನ್ನೂ ತಾಯಿಯ ಎದೆ ಬಿಡದ ಒಂದು ಮರಿ. ಆ ಮರಿ ಬಂದು ಅವನ ಹೊಟ್ಟೆಯ ಮೇಲೆ ಹತ್ತಿದರೆ ಒಂದು ಕೈಯಲ್ಲಿ ತಡೆದುಕೊಂಡು ಇನ್ನೊಂದು ಕೈಯಲ್ಲಿ ತಿನ್ನುತ್ತಿದ್ದ.

ಅವನ ಎಡಗೈಯ ಕಿರುಬೆರಳು ಅರ್ಧ ಇಲ್ಲ. ಜಿಂಕೆಗೆಂದು ಒಡ್ಡಿದ ತಂತಿಯ ಉರುಳಿಗೆ ಸಿಕ್ಕಿ ಹೋಯಿತಂತೆ. ಬಿಗಿರಿಮಾನ ಮತ್ತು ಇನ್ನು ಐದು ಜನ ದಿನವೂ ಕಾಡು ಸುತ್ತಿ ಉರುಳು ಕಡಿಯುತ್ತಾರೆ. ಇಬ್ಬರಿಗೆ ಬೂಟೂ ಇಲ್ಲ. ಕಾಡಿನ ಕೆಳಭಾಗವನ್ನು ಸವರಿ ಸೇವಂತಿಗೆಯಂಥ ಬಿಳಿ ಹೂವು ಬೆಳೆದಿದ್ದಾರೆ, ಹುಳು ಸಾಯಿಸುವ ಪುಡಿಗೆ. ಹೀಗಾಗಿ ಪ್ರಾಣಿಗಳಿಗೆ ಉಳಿದಿರುವುದು ಬೆಟ್ಟದ ಮೇಲುಭಾಗ ಮಾತ್ರ.

ಅಕ್ಕ, ನನ್ನನ್ನು ತಬ್ಬಿಬ್ಬು ಮಾಡಿದ್ದು ಅವನ ಕೈ. ಹುಲಿ ಕರಡಿಗಳಿಗೆ ಇರುವಂಥ ಉಗುರಲ್ಲ. ನನ್ನ ನಿನ್ನ ಉಗುರಿನಂತೆಯೇ ಚಪ್ಪಟೆ, ಬುಡದಲ್ಲಿ ಅರ್ಧಚಂದ್ರ ಕೂಡ ಇದೆ. ಅಪ್ಪನ ಕೈ ನೆನಪಾಯಿತು. ಮಕ್ಕಳಿಗೆ ಇದನ್ನು ತಪ್ಪದೆ ಹೇಳು.

ನಿನ್ನ
ಪಂಚಾಕ್ಷರಿ


ರಾಜಾಜಿನಗರ
20 ಜೂನ್ 1976

ಪಂಚಾಕ್ಷರಿಗೆ ಆಶೀರ್ವಾದಗಳು.

ನಿನ್ನ ಕಾಗದ ಹಬ್ಬದೂಟವಾಯಿತು. ನಾಲ್ಕು ಸಂಜೆ ಹೇಳಿದೆ. ಬೆರಳು ಹೋದದ್ದು ಕೇಳಿ ಇಂದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಒಂದೇ ಒಂದು ಕಡೆ ನಾನು ಸ್ವಲ್ಪ ಕೈಯಾಡಿಸಿದೆ. ಉಗುರಿನ ಸಂಗತಿ. ಅಷ್ಟು ದೊಡ್ಡ ಪ್ರಾಣಿಗೆ ನಮ್ಮಂಥದೇ ಉಗುರು ಅಂದರೆ ಮಕ್ಕಳ ಮುಖ ಸಪ್ಪಗಾಗುತ್ತದೆ ಕಣೋ. ನೇಗಿಲ ಗುಳದಂಥ ಉಗುರು, ಒಂದು ಸಲ ಎಳೆದರೆ ಬಿದಿರು ಎರಡು ಸೀಳು ಅಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಕಥೆ ಹೇಳುವವರಿಗೆ ಇಷ್ಟು ಬಿಟ್ಟುಕೊಡು.

ಈಗ ನಿಜವಾದ ವಿಷಯ. ನಮ್ಮ ಪ್ರಭಾಳಿಗೆ ಹುಷಾರಿಲ್ಲ. ಜ್ವರವಲ್ಲ, ಭಯ. ಕಾರ್ಡ್ ರೋಡಿನಲ್ಲಿ ಲಾರಿಯೊಂದು ಗಾಡಿ ಎತ್ತಿಗೆ ಗುದ್ದಿದ್ದನ್ನು ಅವಳು ಕಣ್ಣಾರೆ ಕಂಡಳು, ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಆವತ್ತಿನಿಂದ ಗೇಟು ದಾಟಿಲ್ಲ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ. ನಾಲ್ಕೂವರೆ ವರ್ಷದ ಮಗು, ಮುಂದಿನ ವರ್ಷ ಶಾಲೆಗೆ ಹಾಕುವುದು ಹೇಗೆ? ಡಾಕ್ಟರು ಟಾನಿಕ್ ಬರೆದುಕೊಟ್ಟರು. ಮಠದ ಅಯ್ಯನವರು ವಿಭೂತಿ ಮಂತ್ರಿಸಿ ಕೊಟ್ಟರು. ಏನೂ ಆಗಲಿಲ್ಲ.

ನೀಲಮ್ಮನ ಮಗನ ಕೊರಳಲ್ಲಿ ಹುಲಿ ಉಗುರು ಇದೆ. ಆ ಹುಡುಗ ಯಾವುದಕ್ಕೂ ಹೆದರುವುದಿಲ್ಲ. ನಾನೂ ಅಕ್ಕಸಾಲಿ ಶ್ಯಾಮಸುಂದರನ ಹತ್ತಿರ ಹೋಗಿ ಕೇಳಿದೆ. ಕೈ ಅಲ್ಲಾಡಿಸಿಬಿಟ್ಟ. “ಕಾನೂನು ಬಂದೈತೆ ಅಮ್ಮಾವ್ರೇ, ಹುಲಿ ಉಗುರು ಮುಟ್ಟಿದ್ರೆ ನನ್ನೇ ಒಳಗ್ ಹಾಕ್ತಾರೆ. ಬೇರೆ ಯಾವ್ದಾರ ಪ್ರಾಣೀದು ತಂದ್ಕೊಡಿ, ಬೆಳ್ಳಿ ಕಟ್ಕೊಡ್ತೀನಿ.” ಅವನು ಹಾಗೆಂದ ತಕ್ಷಣ ನನಗೆ ಕಂಬಳಿಯಪ್ಪ ಕಣ್ಣ ಮುಂದೆ ಬಂದ.

ಒಂದು ಗೊರಿಲ್ಲಾ ಉಗುರು ಕಳಿಸು. ಅವನದೇ ಆಗಬೇಕೆಂದಿಲ್ಲ. ಎಲ್ಲಾದರೂ ವಯಸ್ಸಾಗಿ ಸತ್ತು ಬಿದ್ದದ್ದು ಇರುತ್ತದೆ. ನೀನು ಚಪ್ಪಟೆ ಉಗುರು ಎಂದು ಬರೆದಿದ್ದೀ, ಆದರೆ ಅಷ್ಟು ದೂರದಿಂದ ಸರಿಯಾಗಿ ಕಂಡಿರಲಿಕ್ಕಿಲ್ಲ. ನಿನ್ನನ್ನು ಸಾಕಿದವಳು ಒಂದೇ ಒಂದು ಕೇಳುತ್ತಿದ್ದೇನೆ.

ಜಗದಾಂಬಾ


ರುಹೆಂಗೇರಿ
25 ಜುಲೈ 1976

ಅಕ್ಕನಿಗೆ ನಮಸ್ಕಾರ.

ಮಗುವಿನ ವಿಷಯ ಓದಿ ಬೇಜಾರಾಯಿತು. ನೀನು ಏನನ್ನೂ ಕೇಳಿದವಳಲ್ಲ. ಕೆಲಸಗಾರರಲ್ಲಿ ಕಾಡಿನ ಅಂಚಿನ ಹಳ್ಳಿಯವರು ಇದ್ದಾರೆ. ಕೇಳಿ ನೋಡುತ್ತೇನೆ. ಕೇಳುವುದರಲ್ಲಿ ಏನಿದೆ.

ಪಂಚಾಕ್ಷರಿ


ರಾಜಾಜಿನಗರ
3 ನವೆಂಬರ್ 1976

ಪಂಚಾಕ್ಷರಿಗೆ ಆಶೀರ್ವಾದಗಳು.

ಮೂರು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಗೌರಿಹಬ್ಬಕ್ಕೂ ಬರೆಯಲಿಲ್ಲ, ದೀಪಾವಳಿಗೂ ಬರೆಯಲಿಲ್ಲ. ಪೋಸ್ಟ್‌ಮ್ಯಾನ್ ನನ್ನ ಮುಖ ನೋಡಿದರೆ ಸೈಕಲ್ ಬೇಗ ತುಳಿಯುತ್ತಾನೆ.

ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಓದಿದವನು ನೀನು. ಉಗುರು ಕಟ್ಟಿದರೆ ಭಯ ಹೋಗುತ್ತದಾ ಎಂದು ನಗುತ್ತಿರಬಹುದು. ನಗು, ಆದರೆ ಕಾಗದ ಬರೆ. ಇಲ್ಲಿ ಪ್ರಭಾ ದಿನಾ, “ಕಂಬಳಿಯಪ್ಪನ ಉಗುರು ಬಂತಾ ಅಜ್ಜಿ?” ಎಂದು ಕೇಳುತ್ತಾಳೆ. “ಹಡಗು ಹತ್ತಿದೆ ಕಣೇ, ಬರ್ತಾ ಇದೆ” ಅನ್ನುತ್ತೇನೆ. ಬೀದಿಯವರಿಗೆಲ್ಲ ಹಾಗೇ ಹೇಳಿಬಿಟ್ಟಿದ್ದೇನೆ. ನನ್ನ ಮಾನ ಉಳಿಸು.

ಮೈ ಚೆನ್ನಾಗಿದೆ ತಾನೇ? ಅದೊಂದು ಹೇಳು.

ಜಗದಾಂಬಾ


ರುಹೆಂಗೇರಿ
12 ಡಿಸೆಂಬರ್ 1976

ಅಕ್ಕನಿಗೆ ನಮಸ್ಕಾರ.

ಮೈ ಚೆನ್ನಾಗಿದೆ. ಇಲ್ಲಿ ಮಳೆ. ಗೋಪುರದ ಕೆಲಸ ಮುಗಿಯುತ್ತಾ ಬಂತು.

ಬೊಂಬಾಯಿಗೆ ಬರುವ ಪರಿಚಯದವರ ಕೈಯಲ್ಲಿ ಸಣ್ಣ ಪೊಟ್ಟಣ ಕೊಟ್ಟಿದ್ದೇನೆ, ಅವರು ಅಲ್ಲಿಂದ ರಿಜಿಸ್ಟರ್ ಮಾಡುತ್ತಾರೆ. ಮಗುವಿನ ಕೊರಳಿಗೆ ಹಾಕು. ಎಲ್ಲಿ ಸಿಕ್ಕಿತು ಎಂದು ಕೇಳಬೇಡ.

ಪಂಚಾಕ್ಷರಿ


ರಾಜಾಜಿನಗರ
6 ಫೆಬ್ರವರಿ 1977

ಚಿರಂಜೀವಿ ಪಂಚಾಕ್ಷರಿಗೆ ಅಕ್ಕನ ಸಾವಿರ ಆಶೀರ್ವಾದಗಳು.

ನೀನು ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಕೂತುಕೋ. ಪ್ರಭಾ ಗೇಟು ದಾಟಿದಳು!

ಉಗುರು ಬಂದ ದಿನವೇ ಶ್ಯಾಮಸುಂದರನ ಕೈಲಿ ಬೆಳ್ಳಿ ಕಟ್ಟಿಸಿದೆ. ಎಷ್ಟು ನುಣುಪಾಗಿದೆಯೋ, ಎಂಥ ಬಾಗು! ನೋಡು, ನಾನು ಹೇಳಿದ್ದೇ ಸರಿ, ಚಪ್ಪಟೆಯಲ್ಲ. ಸೋಮವಾರ ಪೂಜೆ ಮಾಡಿ ಕೊರಳಿಗೆ ಹಾಕಿದೆ. ಎಂಟು ದಿನ ಏನೂ ಇಲ್ಲ. ಒಂಬತ್ತನೆಯ ಬೆಳಗ್ಗೆ ನಾನು ಹಾಲಿನ ಬೂತಿಗೆ ಹೊರಟರೆ, “ನಾನೂ ಬರ್ತೀನಿ” ಅಂದಳು. ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಕೈ ಉಗುರಿನ ಮೇಲೆ. ದಾರಿಯಲ್ಲಿ ಲಾರಿ ಹಾರ್ನ್ ಹೊಡೆಯಿತು. ನಾನೇ ಬೆಚ್ಚಿದೆ. ಅವಳು ಲಾರಿಯ ಕಡೆ ತಿರುಗಿ ಎದೆ ಬಡಿದುಕೊಂಡಳು, ಕಂಬಳಿಯಪ್ಪನ ಹಾಗೆ! ಬೂತಿನವನು ಹಾಲು ಚೆಲ್ಲಿಕೊಂಡು ನಕ್ಕ.

ಈಗ ಸಂಜೆ ನಮ್ಮ ಮೆಟ್ಟಿಲ ಮೇಲೆ ಜಾಗವಿಲ್ಲ. ಬಾಪೂಜಿ ನಗರದಿಂದ ನೀಲಮ್ಮನ ನಾದಿನಿ ಪುಟ್ಟಲಕ್ಷ್ಮಿ ಬಸ್ಸು ಹತ್ತಿ ಬರುತ್ತಾಳೆ. ಎಲ್ಲರಿಗೂ ಒಂದೊಂದು ಉಗುರು ಬೇಕಂತೆ. ಸೇತುರಾಮ ಅವರೇ ಪಟ್ಟಿ ಬರೆದುಕೊಟ್ಟರು, ಒಂಬತ್ತು ಮಕ್ಕಳಾಗಿವೆ. “ಹತ್ತನೇದು ನನಗೇ ಇರ್ಲಿ ಅಮ್ಮಾ, ನಮ್ಮ ಮನೆಯವಳ ಭಯ ಜಾಸ್ತಿ” ಅಂದರು.

ಒಂಬತ್ತು ಸಿಗುತ್ತವಾ ನೋಡು. ಮತ್ತೆ, ಕಂಬಳಿಯಪ್ಪ ಹೇಗಿದ್ದಾನೆ? ಹೋದ ಕಾಗದದಲ್ಲಿ ಅವನ ಸುದ್ದಿಯೇ ಇಲ್ಲ. ಮರಿ ದೊಡ್ಡದಾಗಿರಬೇಕು.

ಜಗದಾಂಬಾ


ರುಹೆಂಗೇರಿ
3 ಮಾರ್ಚ್ 1977

ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ಮೊದಲು ಒಬ್ಬಳೇ ಓದು.

ಮಗುವಿನ ಕೊರಳಲ್ಲಿರುವುದು ದನದ ಕೊಂಬು. ಇಲ್ಲಿಯ ದನಗಳಿಗೆ ಉದ್ದ ಕೊಂಬು. ಬಾಚಣಿಗೆ ಕೆತ್ತುವ ಮುದುಕನ ಹತ್ತಿರ ಹುಲಿ ಉಗುರಿನ ಚಿತ್ರ ಬರೆದುಕೊಟ್ಟು ಮಾಡಿಸಿದೆ. ಗೊರಿಲ್ಲಾಗೆ ಅಂಥ ಉಗುರು ಇಲ್ಲ. ಇದು ನನ್ನ ಸಣ್ಣ ಸುಳ್ಳು. ದೊಡ್ಡದು ಬೇರೆ.

ಜುಲೈನಲ್ಲಿ ನಿನ್ನ ಕಾಗದ ಬಂದಾಗ ಅಂಥ ಉಗುರೇ ಇಲ್ಲ ಎಂದು ಇನ್ನೊಮ್ಮೆ ಬರೆದಿದ್ದರೆ ಸಾಕಿತ್ತು. ಅಕ್ಕನ ಮನಸ್ಸು ನೋಯಿಸಬಾರದೆಂದು ಬರೆಯಲಿಲ್ಲ. ಮಾರನೆಯ ಬೆಳಗ್ಗೆ ಕೆಲಸದ ಜಾಗದಲ್ಲಿ ಒಬ್ಬನನ್ನು ಕೇಳಿದೆ: ಎಲ್ಲಾದರೂ ಸತ್ತ ಗೊರಿಲ್ಲಾದ ಉಗುರು ಸಿಗುತ್ತದಾ? ಅಷ್ಟೇ. ಬೆಲೆ ಹೇಳಲಿಲ್ಲ, ತಾ ಅನ್ನಲಿಲ್ಲ.

ನಮ್ಮೂರಿಗೆ ಅಮಲ್ದಾರರು ಬಂದಾಗ “ಈ ಕಡೆ ಬೆಣ್ಣೆ ಚೆನ್ನಾಗಿರ್ತದಂತೆ” ಅಂದರೆ ಸಾಕು, ಸಂಜೆಗೆ ಅಪ್ಪ ಗಡಿಗೆ ಹೊತ್ತುಕೊಂಡು ಹೋಗಿ ನಿಲ್ಲುತ್ತಿದ್ದದ್ದು ನಿನಗೆ ನೆನಪಿರಬೇಕು. ನಮ್ಮ ಮನೆಯಲ್ಲಿ ಆ ವಾರ ತುಪ್ಪ ಇರುತ್ತಿರಲಿಲ್ಲ. ಇಲ್ಲಿ ನಾನೇ ಅಮಲ್ದಾರ, ಅಕ್ಕ. ಬೆಳಗ್ಗೆ ನೂರು ಜನ ಗೇಟಿನ ಮುಂದೆ ನಿಲ್ಲುತ್ತಾರೆ. ಅವರಲ್ಲಿ ಹದಿನೈದು ಜನರನ್ನು ಬೆರಳು ತೋರಿಸಿ ಕೆಲಸಕ್ಕೆ ಕರೆಯುವವನು ನಾನು. ಅದು ನನಗೆ ಆಗ ಹೊಳೆಯಲಿಲ್ಲ.

ಆಗಸ್ಟ್ 19ರಂದು ಪರಿಚಯವಿಲ್ಲದ ಒಬ್ಬ ಬಾಳೆಲೆಯ ಗಂಟು ತಂದು ನನ್ನ ಮೆಟ್ಟಿಲ ಮೇಲಿಟ್ಟ. ಒಳಗೆ ಇಡೀ ಕೈ ಇತ್ತು. ಕಿರುಬೆರಳು ಅರ್ಧ ಇರಲಿಲ್ಲ.

ನಾನು ಕಿರುಚಾಡಿದೆ. ಅವನಿಗೆ ಅರ್ಥವೇ ಆಗಲಿಲ್ಲ. ಅವನಿಗೆ ದುಡ್ಡು ಬೇಕಿರಲಿಲ್ಲ, ಮಗನಿಗೆ ಗೋಪುರದ ಕೆಲಸ ಬೇಕಿತ್ತು. “ಕೇಳಿದವನು ನೀನಲ್ಲವಾ?” ಅಂದ. ಅಟ್ಟಿಬಿಟ್ಟೆ. ಆಮೇಲೆ ಬೇಲಿಯ ಪಕ್ಕ ಗುಂಡಿ ತೋಡಿ ಹೂತೆ. ಹೂಳುವಾಗ ಆ ಉಗುರುಗಳನ್ನು ನೋಡಿದೆ. ಬುಡದಲ್ಲಿ ಮಣ್ಣು ಕೂತಿತ್ತು, ಹೊಲದಿಂದ ಬಂದ ಅಪ್ಪನ ಉಗುರಿನ ಹಾಗೆ.

ಎರಡು ದಿನದ ಮೇಲೆ ಬಿಗಿರಿಮಾನ ಬಂದ. ಕಂಬಳಿಯಪ್ಪನ ದೇಹ ಬಿದಿರಿನ ಮಧ್ಯೆ ಸಿಕ್ಕಿತು ಎಂದು ಹೇಳಿ ಮಗುವಿನ ಹಾಗೆ ಅತ್ತ. ಯಾರು ಮಾಡಿಸಿದರೋ ಎಂದ. ನಾನು ಚಹಾ ಕೊಟ್ಟೆ. ಅವನು ಕೂತ ಕುರ್ಚಿಗೂ ನಾನು ಹೂತ ಜಾಗಕ್ಕೂ ಹತ್ತು ಹೆಜ್ಜೆ. ಸಕ್ಕರೆ ಇನ್ನೂ ಬೇಕಾ ಎಂದು ಕೇಳಿದೆ. ಅಷ್ಟೇ ನಾನು ಆಡಿದ ಮಾತು. ಯಜಮಾನ ಹೋದ ಮೇಲೆ ಆ ಸಂಸಾರ ಚೆದುರಿತು. ಬೇರೆ ಗುಂಪಿನ ಗಂಡು ಬಂದು ಮರಿಯನ್ನು ಕೊಂದಿತಂತೆ.

ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಒಂಬತ್ತು ಉಗುರು ಕಳಿಸು ಎಂದು ನೀನು ಬರೆದಾಗ ಬಿಗಿರಿಮಾನನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ, ಹೊಡೆಯಲಿಲ್ಲ. “ಭಾನುವಾರ ಬಾ” ಅಂದ. ಎರಡು ಭಾನುವಾರ ಅವರ ಜೊತೆ ಉರುಳು ಕಡಿಯಲು ಹೋದೆ. ಮೊದಲ ದಿನ ಹದಿನೇಳು ಸಿಕ್ಕವು. ಅವನು ಮುಂದೆ ನಡೆಯುತ್ತಾನೆ, ನಾನು ಹಿಂದೆ. ತಿರುಗಿ ನೋಡುವುದಿಲ್ಲ, ಮಾತಾಡುವುದಿಲ್ಲ. ಆದರೆ ಮುಳ್ಳಿನ ಕೊಂಬೆ ಬಂದರೆ ನಾನು ದಾಟುವವರೆಗೆ ಹಿಡಿದುಕೊಂಡು ನಿಲ್ಲುತ್ತಾನೆ. ಅದನ್ನು ತಡೆದುಕೊಳ್ಳುವುದು ಕಷ್ಟವಾಗುತ್ತದೆ.

ಮಗುವಿನ ಕೊರಳಿನದನ್ನು ಏನು ಮಾಡಬೇಕೋ ನೀನೇ ನೋಡು.

ಪಂಚಾಕ್ಷರಿ


ರಾಜಾಜಿನಗರ
19 ಜೂನ್ 1977, ಭಾನುವಾರ

ಪಂಚಾಕ್ಷರಿಗೆ ಆಶೀರ್ವಾದಗಳು.

ನಿನ್ನ ಕಾಗದ ಮಾರ್ಚ್‌ನಲ್ಲೇ ಬಂತು. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟೆ. ಮೂರು ತಿಂಗಳು ಉತ್ತರ ಬರೆಯಲಿಲ್ಲ. ನೀನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಬರೆದೆ, ನಾನು ಅದಕ್ಕಿಂತ ಕೀಳು ಕೆಲಸ ಮಾಡಿದೆ. ಬಾಯಿ ತೆರೆದೇ ಇದ್ದೆ. ದಿನಾ ಸಂಜೆ ಕಂಬಳಿಯಪ್ಪ ಬದುಕಿರುವಂತೆಯೇ ಕಥೆ ಹೇಳಿದೆ. ಮರಿಗೆ ನಡೆಯಲು ಕಲಿಸಿದೆ. ಒಂದು ದಿನ ಅವನಿಗೆ ಜೇನು ತಿನ್ನಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದವು. ಒಳಗೆ ಹೋಗಿ ಗೂಡಿನ ಮುಂದೆ ನಿಂತರೆ ದೀಪ ಹಚ್ಚಲು ಕೈ ಬರುತ್ತಿರಲಿಲ್ಲ.

ಉಗುರು ಯಾವಾಗ ಬರುತ್ತದೆ ಎಂದು ಕೇಳಿದವರಿಗೆ, ನೋಡೋಣ ಅನ್ನುತ್ತಿದ್ದೆ. ಮೊನ್ನೆ ಗುರುವಾರ ನೀಲಮ್ಮ ನಗುತ್ತಾ ಬಂದಳು. “ಜಗದಾಂಬಮ್ಮಾ, ನಿಮ್ಮ ತಮ್ಮನಿಗೆ ಇನ್ನು ತೊಂದ್ರೆ ಕೊಡಲ್ಲ ಕಣ್ರೀ. ನಮ್ಮ ಭಾವ ಹಡಗಲ್ಲಿ ಅಡುಗೆ ಕೆಲ್ಸಕ್ಕಿದಾರಲ್ಲ, ಸೋಮವಾರ ಬೊಂಬಾಯಿಂದ ಮೊಂಬಾಸಾಗೆ ಹೋಗ್ತಾರಂತೆ. ಬಂದರಲ್ಲಿ ನಾಕು ಜನರ ಹತ್ರ ಕೇಳಿ ಅಂತ ಕಾಗದ ಹಾಕಿದೀನಿ. ಕೇಳೋದ್ರಲ್ಲಿ ಏನಿದೆ ಅಲ್ವಾ?”

ನೀನು ಬರೆದದ್ದೂ ಇದೇ ಮಾತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆದರೂ ಎರಡು ದಿನ ತಡೆದೆ. ನಿನ್ನೆ ಸಂಜೆ ಎಲ್ಲರೂ ಬಂದು ಕೂತ ಮೇಲೆ ಹೇಳಿದೆ. ಮೊದಲು ಹೇಳಿದವನು ನನ್ನ ತಮ್ಮ, ಹೇಳಿದ್ದು ಈ ಮಾರ್ಚ್ ಮೂರನೆಯ ತಾರೀಖು ಎಂದೇ ಶುರು ಮಾಡಿದೆ. ಚಪ್ಪಟೆ ಉಗುರು, ಬುಡದ ಅರ್ಧಚಂದ್ರ, ನೇಗಿಲ ಗುಳ ನಾನು ಕಟ್ಟಿದ್ದು, ಬಾಳೆಲೆಯ ಗಂಟು, ಮರಿ, ಕೊಂಬು, ಏನನ್ನೂ ಬಿಡಲಿಲ್ಲ. ಒಂದನ್ನು ಬಿಟ್ಟೆ. “ದೂರದ ಊರಿನಲ್ಲಿ ಯಾರೋ ಒಬ್ಬರು ಉಗುರು ಬೇಕು ಅಂತ ಕೇಳಿದ್ರು” ಅಂದೆ. ಯಾರು ಎಂದು ದೊಡ್ಡವರಿಗೆಲ್ಲ ಗೊತ್ತು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಸೇತುರಾಮ ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಇಂದ್ರಮ್ಮ, “ಮಕ್ಕಳ ಮುಂದೆ ಇಂಥದ್ದೆಲ್ಲಾ ಹೇಳ್ತಾರೇನ್ರೀ?” ಎಂದು ಎದ್ದು ಹೋದಳು. ನೀಲಮ್ಮ ಮಗನ ಕೊರಳನ್ನು ನೋಡಿದಳು. ಆಮೇಲೆ ಅವನ ಅಂಗಿಯ ಗುಂಡಿ ಹಾಕಿದಳು.

ಇನ್ನು ಬಾಲ ಕಟ್ಟಬೇಕು. ಕೇಳಿದವರು ಈ ಬೆಳಗ್ಗೆ ಏನು ಮಾಡಿದರು ಎಂದು ಹೇಳುತ್ತೇನೆ.

ಇಂದ್ರಮ್ಮ ನಮ್ಮ ಮನೆಯ ಮುಂದೆ ಹೋಗುವಾಗ ಆ ಕಡೆ ಬದಿಗೆ ದಾಟಿಕೊಂಡು ಹೋದಳು. ಸೇತುರಾಮ ಅವರು ಆ ಒಂಬತ್ತು ಹೆಸರಿನ ಪಟ್ಟಿಯನ್ನು ವಾಪಸು ಕೇಳಿ ತೆಗೆದುಕೊಂಡು ಹೋದರು. ಭಾನುವಾರ ನಮ್ಮ ಅಂಚೆ ಕಚೇರಿ ಮುಚ್ಚಿರುತ್ತದೆಂದು ನೀಲಮ್ಮ ಗಂಡನ ಜೊತೆ ಮೊದಲ ಬಸ್ಸು ಹತ್ತಿ ಪೇಟೆಯ ದೊಡ್ಡ ತಂತಿ ಕಚೇರಿಗೆ ಹೋದಳು. ಭಾವನಿಗೆ ತಂತಿ ಕೊಟ್ಟಳಂತೆ: ಉಗುರು ಬೇಡ, ಯಾರನ್ನೂ ಕೇಳಬೇಡಿ. ಅವಳ ಮಗನ ಕೊರಳಿನ ಹುಲಿ ಉಗುರು ಇನ್ನೂ ಕೊರಳಲ್ಲೇ ಇದೆ.

ಪ್ರಭಾಳ ಕೊರಳಿನದನ್ನು ನಾನು ಬಿಚ್ಚಲಿಲ್ಲ, ಅವಳೂ ಬಿಚ್ಚು ಅನ್ನಲಿಲ್ಲ. ಭಾನುವಾರ ತಲೆಗೆ ಎಣ್ಣೆ ಹಚ್ಚುವ ಮೊದಲು ಅವಳ ಉಗುರು ಕತ್ತರಿಸುವುದು ನನ್ನ ಕೆಲಸ. ಹಿತ್ತಲ ಬಿಸಿಲಿನಲ್ಲಿ ಬ್ಲೇಡು ಹಿಡಿದು ಕೂತು ಕರೆದೆ. ಬಂದಳು. ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು.

“ಕೈ ಕೊಡೇ” ಅಂದೆ.

“ಉಗುರು ಬೇಕು ಅಂತ ಕೇಳಿದ್ದು ಯಾರಜ್ಜಿ?” ಅಂದಳು.

“ನಾನೇ ಕಣೇ” ಅಂದೆ.

ಅವಳು ಕೈ ಮುಂದೆ ತರಲಿಲ್ಲ.

ಜಗದಾಂಬಾ